ಸೀಗಡಿಯ ಜೋಯಿಯಾ ಮರಿಗೆ ಡಯಾಟಮ್: ನಾವೇ ಬೆಳೆಸಬೇಕಾ, ಪೇಸ್ಟ್ ತರಬೇಕಾ?

ಗಜನಿ ಹುಡುಗ:
ಅಘನಾಶಿನಿ ಹತ್ತಿರ ನಮ್ಮ ಸೀಗಡಿ ಕೆರೆ ಇದೆ. ವನಾಮಿ ಜಾತಿಯ ಸೀಗಡಿ ಮರಿಗೆ ಪ್ರತಿಸಲ ಪೂರ್ವ ಕರಾವಳಿಯ ದಾರಿ ಕಾಯುವುದು ಸಾಕಾಗಿದೆ. ಅಣ್ಣನೂ ನಾನೂ ಸೇರಿ ಇಲ್ಲೇ ಮರಿ ಮಾಡುವ ಸಣ್ಣ ಹ್ಯಾಚರಿ ಹಾಕುವ ಯೋಚನೆ ಇದೆ. ಜೋಯಿಯಾಗೆ, ಅಂದರೆ ಆಗಷ್ಟೇ ತಿನ್ನತೊಡಗಿದ ಎಳೆ ಮರಿಗೆ, ಕೀಟೋಸೆರಸ್ ಎಂಬ ಡಯಾಟಮ್ (ಸೂಕ್ಷ್ಮ ಪಾಚಿ) ನಾವೇ ಬೆಳೆಸಬೇಕಾ, ಇಲ್ಲ ತಯಾರಾಗಿ ಸಿಗುವ ಪಾಚಿ ಪೇಸ್ಟ್, ಒಣ ಫೀಡ್‌ನಲ್ಲೇ ನಡೆಯುತ್ತಾ? ನಡೆಸಿದವರು ಹೇಳಿ.

ನೆಲ್ಲೂರು ಶೆಟ್ಟಿ:
ಬೆಳೆಸಲೇಬೇಕು, ಎರಡನೇ ಮಾತಿಲ್ಲ. ನಾಪ್ಲಿ, ಅಂದರೆ ಮೊಟ್ಟೆಯಿಂದ ಆಗಷ್ಟೇ ಬಂದ ಮರಿ, ಬುತ್ತಿ ಕಟ್ಟಿಕೊಂಡೇ ಹುಟ್ಟುತ್ತದೆ. ಜೋಯಿಯಾ ಆದ ಗಳಿಗೆಯಿಂದ ಮಾತ್ರ ಬಾಯಿ ಹತ್ತಿರವೇ ಆಹಾರ ಸಿಗಬೇಕು, ಅದು ಹುಡುಕಿಕೊಂಡು ಹೋಗುವುದಿಲ್ಲ. ನಾನು ಮಿಲಿಗೆ 80 ಸಾವಿರದಿಂದ 1 ಲಕ್ಷ ಕೋಶ ಇಡುತ್ತೇನೆ. ಬೀಕರಿನಲ್ಲಿ ನೀರು ತೆಗೆದು ಟಾರ್ಚ್ ಬಿಟ್ಟು ನೋಡಿ. ಒಂದೊಂದು ಮರಿಯೂ ಮೈಗಿಂತ ಉದ್ದದ ಕಂದು ಹಿಕ್ಕೆ ಎಳೆದುಕೊಂಡು ಓಡಾಡುತ್ತಿರಬೇಕು. ಹಿಕ್ಕೆ ತುಂಡಾಯಿತೋ, ಆ ರಾತ್ರಿ ನಮಗೆ ನಿದ್ದೆ ಇಲ್ಲ. ಖರ್ಚು ಕೇಳಿ: ಡಯಾಟಮ್ ಬೆಳೆಸುವ ಆಲ್ಗೆ ರೂಮಿಗೆ ಎರಡು ಏಸಿ, ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ. ಕರೆಂಟ್ ತಿಂಗಳಿಗೆ 38,000. ಜನರೇಟರ್ ಡೀಸೆಲ್ 11,000. ಯಜಮಾನರ ಹತ್ತಿರ ಜಗಳ ಮಾಡಿ ಹಾಕಿಸಿದ್ದು ಇದೆಲ್ಲ. ಈಗ ಅವರೇ ಬಂದವರಿಗೆ ರೂಮು ತೋರಿಸುತ್ತಾರೆ.

ಮರಕ್ಕಾನಂ ಭಟ್ಟ:
ಶೆಟ್ರೇ, ಆ ರೂಮಿನಿಂದಲೇ ವಿಬ್ರಿಯೋ ಬ್ಯಾಕ್ಟೀರಿಯಾ ಬಂದರೆ ಯಾರನ್ನು ಕೇಳುವುದು? ನಮ್ಮಲ್ಲಿ ಒಳಗಿನ ದೊಡ್ಡ ಕ್ಯಾನ್, ಅಂದರೆ ಕಾರ್ಬಾಯ್‌ವರೆಗೂ ಚೆನ್ನಾಗಿತ್ತು. ಹೊರಗಿನ ಟ್ಯಾಂಕಿಗೆ ಹೋದದ್ದೇ ಡಯಾಟಮ್ ತಿನ್ನುವ ಸೂಕ್ಷ್ಮಜೀವಿ ಸಿಲಿಯೇಟ್ ಹತ್ತಿ, ಬಂಗಾರದ ಬಣ್ಣದ ನೀರು ಬೆಳಗಾಗುವಷ್ಟರಲ್ಲಿ ತಿಳಿಯಾಗಿತ್ತು. ಮರಿ ಜೋಯಿಯಾದ ಎರಡನೇ ಹಂತದಲ್ಲೇ ನಿಂತಿತು. ಕರುಳು ಖಾಲಿ, ಪೊರೆ ಕಳಚಲಿಲ್ಲ. ನಾಪ್ಲಿ ದುಡ್ಡೇ 1,40,000 ನೀರುಪಾಲು. ಅಲ್ಲಿಂದ ಥಲಾಸಿಯೋಸೈರಾ ಎಂಬ ಇನ್ನೊಂದು ಡಯಾಟಮ್ ಪೇಸ್ಟ್. ಲೀಟರಿಗೆ 6,000 ಕೊಡುತ್ತೇನೆ, ನೆಮ್ಮದಿಯಾಗಿದ್ದೇನೆ. ಒಂದು ಸಲ ಮಾತ್ರ ಥರ್ಮಾಕೋಲ್ ಡಬ್ಬಿ ಬಿಸಿಯಾಗಿ ಬಂತು, ತೆರೆದರೆ ಕೊಳೆತ ವಾಸನೆ. ಕೊರಿಯರಿನವರೂ ಕೊಡಲಿಲ್ಲ, ಏಜೆಂಟನೂ ಕೊಡಲಿಲ್ಲ, 48,000 ಹೋಯಿತು. ಆ ಏಜೆಂಟನ ಫೋನ್ ಇವತ್ತಿಗೂ ಎತ್ತುವುದಿಲ್ಲ.

ನೆಲ್ಲೂರು ಶೆಟ್ಟಿ:
ಸಿಲಿಯೇಟ್ ಬಂದದ್ದು ಡಯಾಟಮ್ ತಪ್ಪಲ್ಲ ಭಟ್ರೇ. ನೀರು ಸರಿಯಾಗಿ ಸೋಸಿ, ಕ್ಲೋರಿನ್ ಹಾಕಿ, ಆ ಕ್ಲೋರಿನ್ ಪೂರ್ತಿ ಹೋಗಿದೆಯಾ ಅಂತ ನೋಡಿದ್ದೀರಾ? ಬೆಳೆ ಏರುತ್ತಿರುವಾಗಲೇ ತೆಗೆಯಬೇಕು. ನಿಂತ ಮೇಲೆ ತೆಗೆದರೆ ಮರಿಗೆ ಹಾಕುವುದು ಮುದಿ ಕೋಶ. ಇದನ್ನೆಲ್ಲ ಮಂಗಳೂರು ಮೀನುಗಾರಿಕೆ ಕಾಲೇಜಿನಲ್ಲಿ ಮೊದಲ ವರ್ಷದವರಿಗೂ ಹೇಳಿಕೊಡುತ್ತಾರೆ.

ಮರಕ್ಕಾನಂ ಭಟ್ಟ:
ಕಾಲೇಜು 1969ರಿಂದ ಇದೆ, ಗೌರವ ಇದೆ. ಆದರೆ ರಾತ್ರಿ ಎರಡಕ್ಕೆ ಟ್ಯಾಂಕಿಗೆ ಗಾಳಿ ಊದುವ ಬ್ಲೋವರ್ ನಿಂತಾಗ ಓಡಿ ಬರುವವನು ಡಿಗ್ರಿ ಇಲ್ಲದ ನಮ್ಮ ಹುಡುಗ. ಅವನಿಗೆ ಸಂಬಳ 14,000. ನಿಮ್ಮಂಥವರಿಗೆ ಎಷ್ಟು ಅಂತ ಇಲ್ಲಿ ಬರೆಯಿರಿ ನೋಡೋಣ.

ಕುಂದಾಪ್ರ ನಾಯ್ಕ:
ಇಬ್ಬರೂ ಪೂರ್ವದಲ್ಲಿ ಕೂತು ಹೇಳುತ್ತಿದ್ದೀರಿ ಮಾರಾಯ್ರೇ. ಹುಡುಗ ಕೇಳಿದ್ದು ಅಘನಾಶಿನಿ. ಜೂನ್ ಬಂದರೆ ಅಲ್ಲಿ ಹೊಳೆ ಬಾಯಿಯ ನೀರು ಹೆಚ್ಚುಕಡಿಮೆ ಸಿಹಿ. ಜೋಯಿಯಾಗೆ ಲೀಟರಿಗೆ 30 ಗ್ರಾಂ ಆಸುಪಾಸಿನ ಉಪ್ಪುನೀರು ಎಲ್ಲಿಂದ ತರುತ್ತೀರಿ? ನಾನು ಟ್ಯಾಂಕರಿನಲ್ಲಿ ತರಿಸಿದೆ, ಒಂದು ಲೋಡಿಗೆ 4,500. ಉಪ್ಪು ಸಿಕ್ಕರೂ ಬಿಸಿಲಿಲ್ಲ. ಹೊರಗಿನ ಟ್ಯಾಂಕಿನಲ್ಲಿ ಡಯಾಟಮ್ ತೆಳ್ಳಗೆ ಚಾ ನೀರಿನ ಹಾಗೆ ನಿಂತಿತು, ದಪ್ಪ ಆಗಲೇ ಇಲ್ಲ. ಟ್ಯೂಬ್‌ಲೈಟ್ ಕಟ್ಟಿಸಿದೆ, ಕರೆಂಟ್ ಹೋಯಿತು. ಸೋಡಿಯಂ ಸಿಲಿಕೇಟ್ ಮಾತ್ರ ಅಗ್ಗದ್ದು ತರಲಿಲ್ಲ. ಚಿಪ್ಪು ಕಟ್ಟಲು ಸಿಲಿಕಾ ಇಲ್ಲದಿದ್ದರೆ ಕೋಶ ಒಡೆದು ಎರಡಾಗುವುದೇ ಇಲ್ಲ.

ನೆಲ್ಲೂರು ಶೆಟ್ಟಿ:
ಹೊರಗಿನ ಟ್ಯಾಂಕಿಗೆ ಲ್ಯಾಬ್ ದರ್ಜೆಯ ಸಿಲಿಕೇಟಾ? ಸುಮ್ನೆ ದುಡ್ಡು ದಂಡ. ಅಲ್ಲಿ ಯೂರಿಯಾ, ಸೂಪರ್‌ಫಾಸ್ಫೇಟ್ ಸಾಕು, ಸಿಲಿಕೇಟೂ ಮಾಮೂಲಿಯದು ನಡೆಯುತ್ತದೆ.

ಕುಂದಾಪ್ರ ನಾಯ್ಕ:
ನಡೆಯುತ್ತದೆ ಅನ್ನುವವರು ನನ್ನ ಶೆಡ್ಡಿಗೆ ಬಂದು ಒಂದು ಮಳೆಗಾಲ ನಡೆಸಿ ತೋರಿಸಲಿ. ಬಾಡಿಗೆ ಬೇಡ, ಊಟ ನಮ್ಮ ಮನೆಯಲ್ಲೇ.

ಗಜನಿ ಹುಡುಗ:
ನಾಯ್ಕರೇ, ಅಕ್ಟೋಬರಿನಿಂದ ಮೇ ತನಕ ಮಾತ್ರ ನಡೆಸಿದರೆ ಏಸಿ, ಸಂಬಳ ಗಿಟ್ಟುತ್ತಾ?

ಮರಕ್ಕಾನಂ ಭಟ್ಟ:
ಶೆಟ್ರು ಸಂಬಳ ಇನ್ನೂ ಬರೆದಿಲ್ಲ.