ಜೈಲಿನಿಂದ ಬಂದ ಮರುದಿನವೇ ಶಾಸಕ: ಟಾಸ್ಮೇನಿಯಾದ ಬಾಬ್ ಬ್ರೌನ್ ಬಗ್ಗೆ ಗೊತ್ತಿದ್ದವರು ತಿಳಿಸಿ

ತುಮರಿ ಹುಡುಗಿ:
ನಮ್ಮದು ಲಿಂಗನಮಕ್ಕಿ ಮುಳುಗಡೆಯ ಕುಟುಂಬ. ಈಗ ಶರಾವತಿ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲಕ್ಕೆತ್ತಿ ಮತ್ತೆ ಕೆಳಗೆ ಬಿಟ್ಟು ವಿದ್ಯುತ್ ಮಾಡುವ ಯೋಜನೆ) ಸುದ್ದಿ ಬಂದಮೇಲೆ, ಬೇರೆ ಕಡೆ ನದಿಗಾಗಿ ಹೋರಾಡಿದವರ ಬಗ್ಗೆ ಓದುತ್ತಿದ್ದೇನೆ. ಆಸ್ಟ್ರೇಲಿಯಾದ ಟಾಸ್ಮೇನಿಯಾ ರಾಜ್ಯದ ಡಾಕ್ಟರ್ ಬಾಬ್ ಬ್ರೌನ್, ಫ್ರಾಂಕ್ಲಿನ್ ನದಿ ಮುಳುಗಿಸುವ ಅಣೆಕಟ್ಟು ಬೇಡ ಎಂದು ಜೈಲಿಗೆ ಹೋದರು. 19 ದಿನ ಇದ್ದು ಹೊರಬಂದ ಮರುದಿನ, 1983ರ ಜನವರಿಯಲ್ಲಿ, ಶಾಸಕರಾದರು. ಉಪಚುನಾವಣೆ ಇಲ್ಲದೆ ಇದು ಹೇಗಾಯಿತು?

ಸಾಗರದ ಮೇಷ್ಟ್ರು:
ಅಲ್ಲಿ ಒಂದು ಕ್ಷೇತ್ರಕ್ಕೆ ಆಗ 7 ಶಾಸಕರು ತಂಗಿ. ಒಟ್ಟು 5 ಕ್ಷೇತ್ರ, 35 ಸೀಟು. ಜನ ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಅಂತ ಬರೆಯುತ್ತಾರೆ. ಯಾರಾದರೂ ರಾಜೀನಾಮೆ ಕೊಟ್ಟರೆ ಅವರನ್ನು ಗೆಲ್ಲಿಸಿದ ಮತಪತ್ರಗಳನ್ನೇ ಮತ್ತೆ ಎಣಿಸಿ, ಸೋತವರಲ್ಲಿ ಜನರ ಮುಂದಿನ ಆಯ್ಕೆ ಯಾರೋ ಅವರಿಗೆ ಸೀಟು ಕೊಡುತ್ತಾರೆ. ಡೆನಿಸನ್ ಕ್ಷೇತ್ರದ ನಾರ್ಮ್ ಸ್ಯಾಂಡರ್ಸ್ ರಾಜೀನಾಮೆ ಕೊಟ್ಟರು. 1982ರಲ್ಲಿ ಅಲ್ಲೇ ನಿಂತು ಸೋತಿದ್ದ ಬ್ರೌನ್‌ಗೆ ಆ ಸೀಟು ಬಂತು.

ಹೊಸನಗರದವ:
ಆದರೆ ನದಿ ಉಳಿಸಿದ್ದು ಕೋರ್ಟ್ ಅಲ್ವಾ ಸರ್? ಒಬ್ಬ ಶಾಸಕ ಏನು ಮಾಡೋಕಾಗುತ್ತೆ?

ಸಾಗರದ ಮೇಷ್ಟ್ರು:
ಕೋರ್ಟ್ ಹೌದು. 1983ರ ಮಾರ್ಚ್‌ನಲ್ಲಿ ಕೇಂದ್ರದಲ್ಲಿ ಪ್ರಧಾನಿ ಬಾಬ್ ಹಾಕ್ ಸರ್ಕಾರ ಬಂತು, ಅಣೆಕಟ್ಟು ತಡೆಯಲು ಕಾನೂನು ಮಾಡಿತು. ಟಾಸ್ಮೇನಿಯಾ ಸರ್ಕಾರ ಒಪ್ಪಲಿಲ್ಲ. ಜುಲೈ 1ರಂದು ಹೈಕೋರ್ಟ್ (ಅಲ್ಲಿ ಅದೇ ಸರ್ವೋಚ್ಚ) 4-3ರಲ್ಲಿ ಕೇಂದ್ರದ ಪರ ತೀರ್ಪು ಕೊಟ್ಟಿತು. ಒಂದೇ ಒಂದು ಮತದ ಅಂತರ!

ಆದರೆ ನನಗೆ ದೊಡ್ಡದು ಅನಿಸೋದು ಅದರ ನಂತರದ್ದು. ನದಿ ಉಳಿಯಿತು ಅಂತ ಬ್ರೌನ್ ಮನೆಗೆ ಹೋಗಲಿಲ್ಲ. 10 ವರ್ಷ ಅದೇ ವಿಧಾನಸಭೆಯಲ್ಲಿ ಕೂತರು, ಮೊದಲಿಗೆ ಹೆಚ್ಚುಕಡಿಮೆ ಒಂಟಿಯಾಗಿ. 1989ರ ಚುನಾವಣೆಯಲ್ಲಿ ಲಿಬರಲ್ ಪಕ್ಷ 17, ಲೇಬರ್ ಪಕ್ಷ 13, ಬ್ರೌನ್ ಕಡೆಯವರು 5. ಯಾರಿಗೂ ಬಹುಮತವಿಲ್ಲ. ಲೇಬರ್‌ನ ಮೈಕಲ್ ಫೀಲ್ಡ್ ಸರ್ಕಾರಕ್ಕೆ ಬೆಂಬಲ ಕೊಟ್ಟರು. ಆದರೆ ಸುಮ್ನೆ ಕೊಡಲಿಲ್ಲ, ಕಾಡಿನ ವಿಷಯದಲ್ಲಿ ಬರಹದಲ್ಲಿ ಒಪ್ಪಂದ ಮಾಡಿಸಿಕೊಂಡರು. ಅದೇ ವರ್ಷ ಅಲ್ಲಿನ ವಿಶ್ವ ಪರಂಪರೆ ಪ್ರದೇಶವೂ ಜಾಸ್ತಿ ವಿಸ್ತಾರವಾಯಿತು.

ತುಮರಿ ಹುಡುಗಿ:
ಅಂದರೆ ಬೀದಿಯಿಂದ ಸದನಕ್ಕೆ. ನಮ್ಮ ಶಾಂತವೇರಿ ಗೋಪಾಲಗೌಡರೂ ಕಾಗೋಡು ಸತ್ಯಾಗ್ರಹದ ಮರುವರ್ಷ, 1952ರಲ್ಲಿ, ಹಾಗೇ ಹೋದವರಲ್ವಾ ಮೇಷ್ಟ್ರೇ? ಆ ಒಪ್ಪಂದ ಉಳಿಯಿತಾ?

ಸಾಗರದ ಮೇಷ್ಟ್ರು:
ಇಲ್ಲಮ್ಮ. ಮರದ ಚೂರು ರಫ್ತಿನ ಮಿತಿಯನ್ನು ಸರ್ಕಾರ ಏರಿಸಲು ಹೊರಟಿತು, 1990ರಲ್ಲಿ ಒಪ್ಪಂದ ಮುರಿದುಬಿತ್ತು. ಬ್ರೌನ್ 1993ರಲ್ಲಿ ರಾಜ್ಯ ವಿಧಾನಸಭೆ ಬಿಟ್ಟರು, 1996ರಲ್ಲಿ ಸೆನೆಟ್‌ಗೆ (ಕೇಂದ್ರ ಸಂಸತ್ತಿನ ಮೇಲ್ಮನೆಗೆ) ಗೆದ್ದು 2012ರವರೆಗೆ ಇದ್ದರು. ಕಾಡಿನ ಮಾತಿಗೆ ತಪ್ಪಿದ ಸರ್ಕಾರದ ಜೊತೆ ಅವರು ನಿಲ್ಲದೇ ಇದ್ದದ್ದೇ ಸರಿ ಅನ್ನುತ್ತೇನೆ ನಾನು.