ಅಪ್‌ಡೇಟ್: ಬ್ಯಾಡಗಿ ಖಾರದ ಪುಡಿಯ ಮೂರು ಫೋಟೊ, ಕೊನೆಗೆ ಏನಾಯ್ತು

ಹೋದ ತಿಂಗಳು ಕೇಳಿದ್ದೆ: ಹಾವೇರಿಯಿಂದ ಆನ್‌ಲೈನ್‌ನಲ್ಲಿ ಬ್ಯಾಡಗಿ ಖಾರದ ಪುಡಿ ಮಾರುತ್ತೇವೆ, ಪುಟಕ್ಕೆ ಹಾಕಲು ಮೂರು ಫೋಟೊ ಇವೆ, ಯಾವುದರಿಂದ ಆರ್ಡರ್ ಜಾಸ್ತಿ ಅಂತ ತಿಳಿಯೋದು ಹೇಗೆ? ಮೂರನ್ನೂ ಸಮನಾಗಿ ತೋರಿಸಿದರೆ ಸೋಲುವ ಫೋಟೊದಿಂದ ಸುಮ್ನೆ ಗಿರಾಕಿ ಕಳೆದುಕೊಳ್ಳಬೇಕು, ಅದೇ ನನ್ನ ಚಿಂತೆಯಾಗಿತ್ತು.

ನೀವು ಹೇಳಿದ ಹಾಗೆ ಥಾಂಪ್ಸನ್ ಸ್ಯಾಂಪ್ಲಿಂಗ್ ಹಾಕಿದೆ, ಅಂದರೆ ಗೆಲ್ಲುತ್ತಿರುವ ಫೋಟೊವನ್ನು ಜಾಸ್ತಿ ತೋರಿಸುತ್ತಾ ಉಳಿದವನ್ನೂ ಆಗಾಗ ಪರೀಕ್ಷಿಸುವ ವಿಧಾನ. 1933ರ ಉಪಾಯವಂತೆ! ಪ್ರತಿ ಫೋಟೊಗೆ ಎರಡು ಎಣಿಕೆ: ಆರ್ಡರ್ ಆದದ್ದು, ಆಗದ್ದು. ಎರಡಕ್ಕೂ ಒಂದೊಂದು ಕೂಡಿಸಿ, ಬೀಟಾ ಡಿಸ್ಟ್ರಿಬ್ಯೂಷನ್‌ನಿಂದ ಗಿರಾಕಿ ಬಂದಾಗಲೆಲ್ಲ ಒಂದು ಸಂಖ್ಯೆ ಎತ್ತಬೇಕು (ಆ ಎಣಿಕೆ ನೋಡಿ, ನೂರಕ್ಕೆ ಎಷ್ಟು ಜನ ಆರ್ಡರ್ ಮಾಡಬಹುದು ಅಂತ ಮಾಡುವ ಒಂದು ಯಾದೃಚ್ಛಿಕ ಊಹೆ ಅನ್ನಿ). ಯಾವುದರದ್ದು ದೊಡ್ಡದೋ ಆ ಫೋಟೊ ತೋರಿಸೋದು. ಕಡಿಮೆ ತೋರಿಸಿದ ಫೋಟೊದ ಸಂಖ್ಯೆ ಜಾಸ್ತಿ ಹೊಯ್ದಾಡುತ್ತದೆ. ಹಾಗಾಗಿ ಅದಕ್ಕೂ ಆಗಾಗ ಪಾಳಿ ಸಿಗುತ್ತದೆ.

ಮೊದಲ ವಾರ ನಾನೇ ಕೆಡಿಸಿದೆ. ಆರ್ಡರ್ ಆದದ್ದನ್ನಷ್ಟೇ ಎಣಿಸಿ, ನೋಡಿ ಹೋದವರನ್ನು ಬಿಟ್ಟಿದ್ದೆ. ಮೊದಲ ಆರ್ಡರ್ ತಂದ ಪ್ಯಾಕೆಟ್ ಫೋಟೊನೇ ಗೌಡನ ಹಾಗೆ ಕೂತುಬಿಟ್ಟಿತು. ಸರಿ ಮಾಡಿದ ಮೇಲೆ ಸುಕ್ಕುಗಟ್ಟಿದ ಡಬ್ಬಿ (ಬ್ಯಾಡಗಿಯದೇ ಒಂದು ಬಗೆ) ಮೆಣಸಿನಕಾಯಿಯ ಫೋಟೊ ಮುಂದೆ ಬಂತು. ಅಪ್ಪ ಮೊದಲೇ ಹೇಳಿದ್ದರು, 'ಕಾಯಿ ತೋರ್ಸಪಾ, ಪಾಕೀಟ್ ಯಾರ್ ತಿಂತಾರ?' ಅಂತ. ಈಗ ಮನೆಯಲ್ಲಿ ದಿನಾ ಅದೇ ಮಾತು.

ಒಂದು ಅನುಮಾನ ಉಳಿದಿದೆ. ಹಬ್ಬದ ಹೊತ್ತಿಗೆ ಗಿರಾಕಿಗಳ ಮನಸ್ಸು ಬದಲಾದರೆ? ಸದ್ಯ ಹಳೆ ಎಣಿಕೆಗಳನ್ನು ದಿನಾ 0.98ರಿಂದ ಗುಣಿಸುತ್ತಿದ್ದೇನೆ, ಹಳೆಯದು ತಾನೇ ಸವೆಯಲಿ ಅಂತ. ಪ್ಯಾಕೆಟ್ ಫೋಟೊವನ್ನು ಇನ್ನೂ ತೆಗೆದಿಲ್ಲ.