ಮುದ್ದಣನ ‘ಚೆಂಬವಳ’: ಕೆಂಪು ಹವಳವೋ, ಚೆಂದದ ಹವಳವೋ?

ಬಲ್ಲವರಿಗೆಲ್ಲ ನಮಸ್ಕಾರ. ಕಾಸರಗೋಡಿನ ಬದಿಯಡ್ಕದ ಕಡೆಯಿಂದ ಬರೆಯುತ್ತಿದ್ದೇನೆ.

ಮಕ್ಕಳಿಗೆ ‘ರಾಮಾಶ್ವಮೇಧ’ದ ಮುದ್ದಣ–ಮನೋರಮೆಯರ ಮಾತುಕತೆ ಓದಿ ಹೇಳುತ್ತಿದ್ದೆ. ಕನ್ನಡದ ನಡುವೆ ಸಂಸ್ಕೃತ ಹೇಗಿರಬೇಕು ಅನ್ನುವಲ್ಲಿ ಕರ್ಮಣಿಯ, ಅಂದರೆ ಕರಿಮಣಿಯ, ಸರಕ್ಕೆ ಚೆಂಬವಳ ಪೋಣಿಸುವ ಮಾತು ಬರುತ್ತದಲ್ವಾ, ಅಲ್ಲಿ ತಡೆಯಿತು. ಮನೆಯಲ್ಲಿ ಮಲಯಾಳ ಆಡುವ ಹುಡುಗಿ ಥಟ್ಟನೆ, “ಚೆಂ ಅಂದ್ರೆ ಕೆಂಪು ಟೀಚರ್, ಚೆಂಗಲ್ಲಿನ ಹಾಗೆ” ಅಂದಳು. ನಾವು ಮುರಕಲ್ಲು ಅನ್ನುವ ಕೆಂಪು ಕಲ್ಲನ್ನೇ ಅವರು ಚೆಂಗಲ್ಲು ಅನ್ನುತ್ತಾರೆ. ಪಕ್ಕದ ಹುಡುಗ ಒಪ್ಪಲಿಲ್ಲ. ಕನ್ನಡದಲ್ಲಿ ಕೆಂಪಿಗೆ ‘ಕೆಂ’ ಬರಬೇಕು, ಕೆಂದಾವರೆ ಇದ್ದ ಹಾಗೆ. ಹಾಗಾಗಿ ಇದು ಚೆಂದದ ಹವಳ ಅಂತ ಅವನ ವಾದ.

ಹವಳದ ಹಳೆಯ ರೂಪ ಪವಳ, ಅದು ಸಮಾಸದಲ್ಲಿ ‘ಬವಳ’ ಆದದ್ದು ಸರಿ, ಅದರಲ್ಲಿ ತಕರಾರಿಲ್ಲ. ‘ಚೆಂ’ ಮಾತ್ರ ಬಗೆಹರಿಯುತ್ತಿಲ್ಲ. ಹಳಗನ್ನಡದಲ್ಲಿ ಚೆಂಬೊನ್ ಇದೆ. ಅದನ್ನೂ ಕೆಂಪು ಚಿನ್ನ ಅನ್ನಬಹುದು, ಒಳ್ಳೆಯ ಚಿನ್ನ ಅಂತಲೂ ಅನ್ನಬಹುದು.

ಇಲ್ಲಿ ಕವಿಯ ಕತೆಯೂ ನೆನಪಾಗುತ್ತದೆ. ಮುದ್ದಣ ಎಂಬ ಹೆಸರಿನ ಹಿಂದಿದ್ದ ನಂದಳಿಕೆ ಲಕ್ಷ್ಮೀನಾರಣಪ್ಪ (1870–1901) ಉಡುಪಿಯಲ್ಲಿ ಡ್ರಿಲ್ ಮೇಷ್ಟ್ರು. ಯಕ್ಷಗಾನ ಪ್ರಸಂಗ ಬರೆದವರು. ಅವರ ‘ಕುಮಾರವಿಜಯ’ವನ್ನು ನಮ್ಮ ಕಡೆಯ ತಾಳಮದ್ದಳೆಯವರು ಚೆನ್ನಾಗಿ ಬಲ್ಲರು. ಆದರೆ ‘ರಾಮಾಶ್ವಮೇಧ’ವನ್ನು ತನ್ನದು ಎನ್ನಲಿಲ್ಲ. ಯಾರೋ ಹಳೆಯ ಕವಿಯ ಕೃತಿ ಸಿಕ್ಕಿತು ಎಂಬಂತೆ ಮೈಸೂರಿಗೆ ಕಳಿಸಿದರು. 31ರ ಹರೆಯದಲ್ಲಿ ಕ್ಷಯ ಅವರನ್ನು ಕೊಂಡೊಯ್ದಿತು. ಬರೆದವರು ಇವರೇ ಅಂತ ಲೋಕಕ್ಕೆ ಗಟ್ಟಿಯಾದದ್ದು ಆಮೇಲೆ. ಅಂಥ ಕವಿ ನನಗೆ ತುಂಬ ಹತ್ತಿರದವರು ಅನ್ನಿಸುತ್ತದೆ. ಹಳಬರ ವೇಷ ತೊಟ್ಟರೂ ಹೋಲಿಕೆಗೆ ಬೇಕಾದಾಗ ಕೈ ಹೋದದ್ದು ಮನೆಯ ಹೆಂಗಸರ ಕೊರಳಿನ ಕರಿಮಣಿಗೆ!

ನನ್ನ ಅಜ್ಜಿಯ ಸರ ಈಗ ನನ್ನ ಹತ್ತಿರ ಇದೆ. ಸಾಸಿವೆಗಿಂತ ತುಸು ದೊಡ್ಡ ಕರಿಮಣಿ, ನಡುನಡುವೆ ಉದ್ದುದ್ದ ಹವಳ. ಹವಳದ ಅಂಚು ಸವೆದಿದೆ, ಬಣ್ಣ ಮಾತ್ರ ಹಾಗೇ ಇದೆ. ಕಪ್ಪಿನ ಮಧ್ಯೆ ಮೊದಲು ಕಣ್ಣಿಗೆ ಬೀಳುವುದು ಆ ಕೆಂಪೇ. ಆದ್ದರಿಂದ ನಾನು ಹುಡುಗಿಯ ಪಕ್ಷ. ‘ಕರ್’ ಎಂದು ಬಣ್ಣ ಹೇಳಿದವರು ಮುಂದಿನ ಪದದಲ್ಲೂ ಬಣ್ಣವನ್ನೇ ಹೇಳಿರಬೇಕು.

ಆದರೂ ಗಟ್ಟಿ ಆಧಾರ ಬೇಕು. ಕೆಂಪು ಎಂಬ ಒಂದೇ ಅರ್ಥದಲ್ಲಿ ‘ಚೆಂ’ ಬಂದ ಹಳೆಯ ಪ್ರಯೋಗ ಯಾರ ಗಮನಕ್ಕಾದರೂ ಬಂದಿದೆಯೇ? ಹವ್ಯಕ, ಕೋಟ, ಕರಾಡ ಸಮುದಾಯಗಳ ಮನೆಮಾತಿನಲ್ಲಿ ಅಂಥ ಪದ ಉಳಿದಿದ್ದರೆ ಅದನ್ನೂ ದಯವಿಟ್ಟು ತಿಳಿಸಿ.